ಕತ್ತರಿಸದ ಬೇಲಿ

ಆದೋನಿಯ ಆ ಓಣಿಯಲ್ಲಿ ಪಂಪಮ್ಮನವರ ಮನೆ ಹುಡುಕುವುದು ಕಷ್ಟವಿರಲಿಲ್ಲ. ಉಳಿದ ಮನೆಗಳ ಮುಂದೆ ಬೇಲಿಗಿಡ ಸೊಂಟದೆತ್ತರಕ್ಕೆ ಗೆರೆ ಎಳೆದಂತೆ ನಿಂತಿದ್ದರೆ, ಇವರ ಮನೆಯದು ಆಳೆತ್ತರ ದಾಟಿ, ಕಾಂಪೌಂಡ್ ಗೋಡೆಯ ಮೇಲಿಂದ ರಸ್ತೆಗೆ ಬಾಗಿ, ಪಡಸಾಲೆಯ ಕಿಟಕಿಯ ಸರಳುಗಳ ಒಳಕ್ಕೂ ಟೊಂಗೆ ಚಾಚಿತ್ತು. ನರ್ಸರಿಯವರು ದುರಾಂಟ ಎನ್ನುವ ಗಿಡ. ಕತ್ತರಿಸದೆ ಬಿಟ್ಟರೆ ನೀಲಿ ಹೂವಿನ ಗೊಂಚಲು ಇಳಿಬಿಡುತ್ತದೆ. ಹೂವು ಉದುರಿದ ಮೇಲೆ ಅದೇ ಕಡ್ಡಿಗೆ ಕಡಲೆಕಾಳಿನ ಗಾತ್ರದ ಕಿತ್ತಳೆ ಬಣ್ಣದ ಹಣ್ಣು, ಸರ ಪೋಣಿಸಿದಂತೆ ತೂಗುತ್ತದೆ. ನೋಡಲು ಚೆಂದ, ತಿನ್ನುವಂಥದ್ದಲ್ಲ. ಆರು ವರ್ಷದಿಂದ ಅದಕ್ಕೆ ಕತ್ತರಿ ತಾಕಿರಲಿಲ್ಲ.

ಪಂಪಮ್ಮನ ಗಂಡ ಚಂದ್ರಣ್ಣ ಹತ್ತಿ ವ್ಯಾಪಾರಿ. ಪ್ರತಿ ಯುಗಾದಿಗೆ ಒಮ್ಮೆ, “ಬೇರು ಸಮೇತ ಕೀಳಿಸ್ತೀನಿ ಇದನ್ನ,” ಎನ್ನುತ್ತಿದ್ದರು. ಪ್ರತಿ ಸಲವೂ ಪಂಪಮ್ಮ, “ಮುಟ್ಟಬ್ಯಾಡ್ರಿ,” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಯಾಕೆ ಎಂದು ಅವರು ಕೇಳುತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದರೆ ಕೇಳುವ ಧೈರ್ಯ ಬರುತ್ತಿರಲಿಲ್ಲ.

ಆ ಬೇಲಿಯಲ್ಲಿ ಒಂದು ಕೂಸು ಇದೆ ಎಂದು ಪಂಪಮ್ಮ ನಂಬಿದ್ದರು.

ಐದು ವರ್ಷದಿಂದ, ಒಂದು ಶನಿವಾರ ಬಿಟ್ಟು ಇನ್ನೊಂದು ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ, ಓಣಿಯಲ್ಲಿ ಬಿಸಿಲು ಬಿಟ್ಟರೆ ಮತ್ಯಾರೂ ಇಲ್ಲದ ಹೊತ್ತಿನಲ್ಲಿ, ಗೇಟಿನ ಕಡೆಯಿಂದ ಸಣ್ಣ ಸದ್ದು ಬರುತ್ತಿತ್ತು. ಕಿಣ್, ಕಿಣ್, ಕಿಣ್. ಸ್ವಲ್ಪ ನಿಲ್ಲುವುದು. ಮತ್ತೆ ಕಿಣ್, ಕಿಣ್. ಗೇಟಿನಿಂದ ಶುರುವಾಗಿ ಬೇಲಿಯುದ್ದಕ್ಕೂ ಮೂಲೆಯ ತನಕ ಹೋಗಿ ಅಲ್ಲಿ ಮುಗಿಯುತ್ತಿತ್ತು. ಕಾಲ್ಗೆಜ್ಜೆ ಎಂದು ಪಂಪಮ್ಮನಿಗೆ ಮೊದಲ ದಿನವೇ ಗೊತ್ತಾಗಿಹೋಗಿತ್ತು. ನಾಲ್ಕು ವರ್ಷದ ಕೂಸು ಹಣ್ಣು ಹುಡುಕುತ್ತ ನಡೆಯುವಾಗ ಆಗುವ ಸದ್ದು. ಅಂದಿನಿಂದ ಅವರು ಶನಿವಾರ ಒಂದು ಎಲೆಯ ಮೇಲೆ ಪುಟಾಣಿ ಕಡಲೆ, ಬೆಲ್ಲದ ಚೂರು ಇಟ್ಟು ಬೇಲಿಯ ಬುಡಕ್ಕೆ ಸರಿಸಿ ಬರುತ್ತಿದ್ದರು. ಸಂಜೆಯೊಳಗೆ ಇರುವೆಗಳು ಅದನ್ನು ಮುಗಿಸುತ್ತಿದ್ದವು.

ಆರು ವರ್ಷದ ಹಿಂದೆ ಮಗಳು ಭುವನಾಳ ನಿಶ್ಚಿತಾರ್ಥಕ್ಕೆಂದು ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸುತ್ತಿದ್ದರು. ಕೋಸಗಿಯಿಂದ ಬಂದ ಕೂಲಿಯವರಲ್ಲಿ ಉಚ್ಚಮ್ಮ ಎಂಬ ಹೆಂಗಸು ಇದ್ದಳು. ಅವಳ ನಾಲ್ಕು ವರ್ಷದ ಮಗಳು ಕಾಲ್ಗೆಜ್ಜೆ ಕಟ್ಟಿಕೊಂಡು ಅಂಗಳದ ಮರಳಿನಲ್ಲಿ ದಿನವಿಡೀ ಆಡುತ್ತಿತ್ತು. ತೋಟದ ಕೆಲಸಕ್ಕೆ ನರಸಣ್ಣ ಬರುತ್ತಿದ್ದ. ಒಂದು ಶನಿವಾರ ಬಿಟ್ಟು ಇನ್ನೊಂದು ಶನಿವಾರ, ಸೈಕಲ್ಲಿನ ಹಿಂದೆ ಉದ್ದ ಹಿಡಿಕೆಯ ಕತ್ತರಿ ಕಟ್ಟಿಕೊಂಡು ಬಂದು, ಆ ಓಣಿಯ ಎಂಟೂ ಮನೆಗಳ ಬೇಲಿ ಕತ್ತರಿಸುತ್ತಿದ್ದ. ಮಾತು ಕಡಿಮೆ. ಹದಿನೈದು ದಿನಕ್ಕೊಮ್ಮೆ ಚಿಗುರು ತೆಗೆದರೆ ಈ ಗಿಡ ಹೂವೇ ಬಿಡುವುದಿಲ್ಲ, ಹೂವಿಲ್ಲದ ಮೇಲೆ ಹಣ್ಣೂ ಇಲ್ಲ ಎಂದು ಅವನೇ ಒಮ್ಮೆ ಹೇಳಿದ್ದ.

ಆ ವರ್ಷ ಅವನು ಊರಿಗೆ ಹೋಗಿ ಎರಡು ಸರದಿ ತಪ್ಪಿಸಿಕೊಂಡಾಗ ಬೇಲಿ ಹೂಬಿಟ್ಟಿತು. ನೀಲಿ ಹೂವು, ಅದರ ತುಂಬ ಜೇನುನೊಣ. ಪಂಪಮ್ಮನಿಗೆ ಆಸೆಯಾಯಿತು.

“ನಿಶ್ಚಿತಾರ್ಥ ಮುಗಿಯೋ ತನಕ ಕತ್ತರಿಸಬ್ಯಾಡ ನರಸಣ್ಣ. ಫೋಟೋದಾಗ ಚೆಂದ ಕಾಣ್ತಾವ,” ಎಂದರು.

ಹಣ್ಣಾದ ಮೇಲೆ ನರಸಣ್ಣ ಮತ್ತೆ ಕೇಳಿದ. “ಅವ್ವಾರ, ಇದನ್ನ ಕುರಿನೂ ಮುಟ್ಟಂಗಿಲ್ರಿ. ಕೆಲಸದೋರ ಕೂಸು ಇಲ್ಲೇ ಅಡ್ಡಾಡತೈತಿ. ಹಣ್ಣಷ್ಟು ತೆಗೀಲೇನ್ರಿ?”

“ಇರಲಿ ಬಿಡೋ. ಇನ್ನ ಎರಡು ವಾರ.”

ಮುಂದಿನ ಶನಿವಾರ ಮಧ್ಯಾಹ್ನ ಕೂಸು ಬೇಲಿಯ ಬುಡದಲ್ಲಿ ಬಿದ್ದಿತ್ತು. ಬಾಯಿಯ ಸುತ್ತ ಕಿತ್ತಳೆ ರಸ. ವಾಂತಿ ಮಾಡಿಕೊಂಡು ಕಣ್ಣು ಮೇಲೆ ಮಾಡಿತ್ತು. ಅದರ ಅಪ್ಪ ಕೂಸನ್ನು ಎತ್ತಿಕೊಂಡು ಮೇಸ್ತ್ರಿಯ ಬೈಕ್ ಹತ್ತಿದ. ಆದೋನಿಯ ದವಾಖಾನೆಯವರು ಕರ್ನೂಲಿಗೆ ಕಳಿಸಿದರು. ಸಂಜೆ ಚಂದ್ರಣ್ಣ ಅಂಗಳದಲ್ಲಿ ನರಸಣ್ಣನನ್ನು ನಿಲ್ಲಿಸಿ ಕೂಗಾಡಿದರು. ಓಣಿಯ ಜನ ಗೇಟಿಗೆ ಬಂದು ನಿಂತಿದ್ದರು.

“ಕತ್ತರಿಸೋದೊಂದ ನಿನ್ನ ಕೆಲಸ. ಅದನ್ನೂ ಮಾಡಲಿಲ್ಲಲ್ಲೋ. ಯಾಕ ಬಿಟ್ಟಿ?”

ನರಸಣ್ಣ ಒಮ್ಮೆ ಪಂಪಮ್ಮನ ಕಡೆ ನೋಡಿದ. ಅವರು ಬಾಗಿಲಲ್ಲಿ ನಿಂತಿದ್ದರು. ಓಣಿಯೆಲ್ಲ ನೋಡುತ್ತಿತ್ತು, ಬೀಗರಾಗುವವರ ಕಡೆಯ ಒಬ್ಬರೂ ಅಲ್ಲಿ ಕೂತಿದ್ದರು. ಅವರು ಬಾಯಿ ತೆರೆಯಲಿಲ್ಲ.

“ನನ್ನದ ತಪ್ಪಾತ್ರಿ, ಸಾವ್ಕಾರ,” ಎಂದ ನರಸಣ್ಣ. ಕತ್ತರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ.

ಮೂರನೆಯ ದಿನ ಮೇಸ್ತ್ರಿ ಬಂದು, “ಆ ಕೂಸು ದಾರ್ಯಾಗ ಹೋತಂತಮ್ಮ, ಕೂಲ್ಯೋರು ಅಂದ್ರು,” ಎಂದ. ಉಚ್ಚಮ್ಮನ ಮನೆಯವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಓಣಿಯ ಬೇರೆ ಏಳು ಮನೆಯವರೂ ನರಸಣ್ಣನನ್ನು ಕರೆಯುವುದು ಬಿಟ್ಟರು.

ಇನ್ನೂ ಒಂದು ಸಂಗತಿ ಇತ್ತು. ಅದನ್ನು ಪಂಪಮ್ಮ ತಮಗೆ ತಾವೇ ಹೇಳಿಕೊಳ್ಳಲೂ ಹೆದರುತ್ತಿದ್ದರು. ಹತ್ತನೆಯ ದಿನ ನರಸಣ್ಣ ಮನೆಗೆ ಬಂದಿದ್ದ. ಚಂದ್ರಣ್ಣ ಹತ್ತಿ ಮಂಡಿಗೆ ಹೋಗಿದ್ದ ಹೊತ್ತು. ಮೂರು ಸಲ ಗಂಟೆ ಒತ್ತಿದ. ಪಂಪಮ್ಮ ಪರದೆಯ ಸಂದಿನಿಂದ ನೋಡಿದರು. ಅಂಗಿಯ ತೋಳಿನಿಂದ ಬೆವರು ಒರೆಸಿಕೊಳ್ಳುತ್ತ ಕಿಟಕಿಯನ್ನೇ ದಿಟ್ಟಿಸುತ್ತಿದ್ದ. ಜಗಳಕ್ಕೆ ಬಂದಾನ, ನಿಜ ಹೇಳಾಕ ಬಂದಾನ ಎಂದುಕೊಂಡು ಅವರು ಉಸಿರು ಹಿಡಿದು ಗೋಡೆಗೆ ಒರಗಿದರು. ಬಹಳ ಹೊತ್ತಿನ ಮೇಲೆ ನೋಡಿದಾಗ ಗೇಟಿನ ಬಳಿ ಯಾರೂ ಇರಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಭುವನಾ ಫೋನ್ ಮಾಡಿದಳು. ಎರಡೂವರೆ ವರ್ಷದ ಮಗಳನ್ನು ಕರೆದುಕೊಂಡು ತಿಂಗಳ ಮಟ್ಟಿಗೆ ಬರುವವಳಿದ್ದಳು.

“ಅಮ್ಮ, ಆ ಗಿಡ ಮೊದಲು ಕಟ್ ಮಾಡಿಸು. ಈಕಿ ಕಂಡದ್ದನ್ನೆಲ್ಲ ಬಾಯಿಗೆ ಹಾಕ್ಕೊಂತಾಳ.”

ಆ ಶನಿವಾರ ಪಂಪಮ್ಮ ಒಂದು ಹಳೇ ಕುಡುಗೋಲು ಹಿಡಿದು ಬೇಲಿಯ ಮುಂದೆ ನಿಂತರು. ಒಂದು ಟೊಂಗೆ ಬಾಗಿಸಿ ಹಿಡಿದಿದ್ದರು, ಅಷ್ಟರಲ್ಲಿ ಗೇಟಿನ ಕಡೆಯಿಂದ ಸದ್ದು ಶುರುವಾಯಿತು. ಕಿಣ್, ಕಿಣ್. ಟೊಂಗೆ ಕೈಯಿಂದ ಜಾರಿತು. ಹೆತ್ತವಳನ್ನು ಕೇಳದೆ ಇದನ್ನು ಕಡಿಯುವುದು ತಮ್ಮಿಂದ ಆಗುವ ಕೆಲಸವಲ್ಲ ಎಂದು ಅವರಿಗೆ ಅನ್ನಿಸಿತು.

ಮೇಸ್ತ್ರಿಯಿಂದ ವಿಳಾಸ ತಿಳಿದುಕೊಂಡು, ಎರಡನೆಯ ಶುಕ್ರವಾರ ಗಂಡನಿಗೆ ಮಂತ್ರಾಲಯಕ್ಕೆಂದು ಹೇಳಿ ರೈಲು ಹತ್ತಿದರು. ಚೀಲದಲ್ಲಿ ಒಂದು ಸೀರೆ, ಕುಪ್ಪಸದ ಬಟ್ಟೆ, ಅರಿಶಿನ ಕುಂಕುಮ. ಕೋಸಗಿ ಸ್ಟೇಷನ್ನಿನಲ್ಲಿ ಇಳಿದು ಕೇಳುತ್ತ ಹೋದರು. ಆ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಸುಗ್ಗಿಯ ಕೂಲಿಗೆಂದು ಬೇರೆ ಊರಿಗೆ ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ. ಉಚ್ಚಮ್ಮನ ಮನೆಯ ಕಟ್ಟೆಯ ಮೇಲೆ ಹತ್ತು ವರ್ಷದ ಹುಡುಗಿ ಕೂತು ತೆಲುಗು ಪಾಠ ಬರೆಯುತ್ತಿತ್ತು.

“ಅಮ್ಮಾ, ಎವರೋ ವಚ್ಚಿನಾರು,” ಎಂದು ಯಾರೋ ಬಂದ ಸುದ್ದಿಯನ್ನು ತೆಲುಗಿನಲ್ಲೇ ಒಳಗೆ ಕೂಗಿ ಹೇಳಿ, ಪಂಪಮ್ಮನ ಕಡೆ ತಿರುಗಿ, “ಕುಂದರ್ರಿ,” ಎಂದು ಪುಸ್ತಕ ಸರಿಸಿ ಜಾಗ ಮಾಡಿಕೊಟ್ಟಿತು.

ಉಚ್ಚಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಅಯ್ಯ, ಆದೋನಿ ಅವ್ವಾರು. ನೀವು ಹ್ಯಾಂಗ ಬಂದ್ರಿ ಇಷ್ಟು ದೂರ?”

“ನಿನ್ನ ಕೂಸಿನ ಸಲುವಾಗಿ ಬಂದೆ ಉಚ್ಚಮ್ಮ,” ಎಂದರು ಪಂಪಮ್ಮ.

“ಈಕಿ ಸಲುವಾಗೇನ್ರಿ? ಏನ್ ಮಾಡ್ಯಾಳ?”

ಪಂಪಮ್ಮ ಹುಡುಗಿಯ ಕಡೆ ನೋಡಿದರು. ಎಡಗೆನ್ನೆಯ ಮೇಲೆ ಮಚ್ಚೆ. ಮರಳಿನಲ್ಲಿ ಆಡುತ್ತಿದ್ದ ಕೂಸಿಗೂ ಅಲ್ಲೇ ಮಚ್ಚೆಯಿತ್ತು.

“ಇದು ಅದ ಕೂಸೇನು?”

“ಹೌದ್ರಿ, ರಾಮಲಕ್ಷ್ಮಿ. ನನಗ ಇರಾಕಿ ಒಬ್ಬಾಕಿನ. ಐದು ದಿನ ಕರ್ನೂಲಾಗ ಇಟ್ಕೊಂಡಿದ್ರು. ಹಣ್ಣಿಂದಂತ ಒಬ್ಬ ಡಾಕ್ಟರು ಅಂದ್ರು, ಬಿಸಲಿಂದಂತ ಇನ್ನೊಬ್ರು. ಆರಾಮಾಗಿ ಎದ್ದು ಬಂದ್ಲು. ಯಾಕ್ರಿ ಅವ್ವಾರ, ಕುಂದರ್ರಿ, ಕುಂದರ್ರಿ.”

ಪಂಪಮ್ಮ ಕಟ್ಟೆಯ ಮೇಲೆ ಕುಸಿದರು. ಹುಡುಗಿ ಓಡಿಹೋಗಿ ಚೊಂಬಿನಲ್ಲಿ ನೀರು ತಂದಿತು. ಆ ಪುಟ್ಟ ಕೈಯನ್ನು ಚೊಂಬಿನ ಸಮೇತ ಹಿಡಿದುಕೊಂಡು ಅವರು ಬಹಳ ಹೊತ್ತು ಬಿಡಲಿಲ್ಲ. ಹುಡುಗಿ ನಾಚಿಕೊಂಡು ಅಮ್ಮನ ಮುಖ ನೋಡಿತು.

“ಸತ್ತಳಂತ ಹೇಳಿದ್ರು ನಮಗ,” ಎಂದರು ಕೊನೆಗೆ.

“ಯಾರು ಹೇಳಿದ್ರಿ? ನರಸಣ್ಣ ಮಾವ ನಿಮಗ ಸುದ್ದಿ ಮುಟ್ಟಸ್ತೀನಿ ಅಂದಿದ್ದನಲ್ಲ.” ಉಚ್ಚಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. “ದವಾಖಾನಿ ಹೊರಗ ಐದು ದಿನಾನೂ ಕುಂತಿದ್ದ, ಪಾಪ. ನಾ ಕತ್ತರಿಸಬೇಕಾಗಿತ್ತು, ನಾ ಕತ್ತರಿಸಬೇಕಾಗಿತ್ತು ಅಂತಿದ್ದ. ನಮ್ಮನ್ನ ಬಸ್ಸು ಹತ್ತಿಸಿದಾಂವನೂ ಅವನ. ಅವ್ವಾರು ಭಾಳ ಹೆದರಿರ್ತಾರ, ಹೋಗಿ ಹೇಳಿ ಬರ್ತೀನಂತ ಅಂದ. ಬರಲಿಲ್ಲೇನ್ರಿ?”

ಮೂರು ಸಲ ಬಾರಿಸಿದ ಗಂಟೆ ಪಂಪಮ್ಮನ ಕಿವಿಯಲ್ಲಿ ಮತ್ತೆ ಬಾರಿಸಿತು.

“ಬಂದಿದ್ದ,” ಎಂದರು. “ನಾ ಬಾಗಿಲ ತೆಗೀಲಿಲ್ಲ.”

ನರಸಣ್ಣ ಈಗ ಎಲ್ಲಿದ್ದಾನೆ ಎಂದು ಪಂಪಮ್ಮ ಕೇಳಿದಾಗ ಉಚ್ಚಮ್ಮ ಮಗಳನ್ನು ಒಳಗೆ ಕಳಿಸಿದಳು. ಆದೋನಿಯಲ್ಲಿ ಕೆಲಸ ಹುಟ್ಟದೆ ಅವನೂ ಮರುವರ್ಷ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಇವರ ಜೊತೆ ಬಂದನಂತೆ. “ಹೊಲದಾಗ ಬದುವಿನ ಮ್ಯಾಲೆ ಕುಂತಿದ್ದ. ಊಟಕ್ಕ ಕರದ್ವಿ, ಏಳಲಿಲ್ಲ. ಜೀವ ಹೋಗಿತ್ರಿ. ಹೆಂಡ್ತಿ ಆಸ್ಪರಿ ಹತ್ರ ತವರಾಗ ಅದಾಳ, ಗಾದಿಲಿಂಗಮ್ಮಂತ.”

ಮರುದಿನ ಶನಿವಾರ. ಪಂಪಮ್ಮ ಎರಡೂವರೆಗೇ ಬಂದು ಪಡಸಾಲೆಯ ಮೆಟ್ಟಿಲ ಮೇಲೆ ಕೂತರು. ಕೂಸು ಬದುಕಿದೆ, ಇನ್ನು ಸದ್ದು ಬರುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಮೂರಕ್ಕೆ ಸದ್ದು ಬಂತು.

ಅವರು ಎದ್ದು ಅದರ ಪಕ್ಕದಲ್ಲೇ ನಡೆದರು. ಐದಾರು ಸಲ ಕಿಣ್ ಎಂದು ನಿಲ್ಲುತ್ತಿತ್ತು. ದೊಡ್ಡ ಮನುಷ್ಯ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲು ಬೇಕಾಗುವಷ್ಟು ಹೊತ್ತು. ಮತ್ತೆ ಐದಾರು ಸಲ. ಕೂಸು ಹಾಗೆ ಅಳತೆ ಹಿಡಿದು ನಡೆಯುವುದಿಲ್ಲ, ಕತ್ತರಿ ನಡೆಯುತ್ತದೆ. ಮೂಲೆಯಲ್ಲಿ ಸದ್ದು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಹಿಂದೆಲ್ಲ ಅಲ್ಲಿ ನರಸಣ್ಣ ಕತ್ತರಿಯ ಅಲಗಿಗೆ ಅಂಟಿದ ಹಸಿರನ್ನು ಹೆಗಲ ವಸ್ತ್ರದಿಂದ ಒರೆಸುತ್ತಿದ್ದ. ಪಂಪಮ್ಮ ಅದನ್ನು ಎಷ್ಟೋ ವರ್ಷ ಇದೇ ಮೆಟ್ಟಿಲಿನಿಂದ ನೋಡಿದ್ದರು. ಬೇಲಿಯಿಂದ ಒಂದು ಎಲೆಯೂ ಉದುರಲಿಲ್ಲ, ಒಂದು ಟೊಂಗೆಯೂ ಅಲುಗಲಿಲ್ಲ. ಬದುಕಿದ್ದ ಕೂಸಿಗೆ ಐದು ವರ್ಷ ಬೆಲ್ಲ ಇಟ್ಟಿದ್ದರು. ಸತ್ತವನು ಅವರ ಕಣ್ಣೆದುರಿಗೇ ಬಂದು ತನ್ನ ಕೆಲಸ ಮಾಡಿ ಹೋಗುತ್ತಿದ್ದ.

ಅವರು ಅಲ್ಲಿಂದ ಓಡಲಿಲ್ಲ.

ಸೋಮವಾರ ಬಸ್ಸಿನಲ್ಲಿ ಆಸ್ಪರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಗಾದಿಲಿಂಗಮ್ಮನ ಹಳ್ಳಿಗೆ ಹೋದರು. ಗಾದಿಲಿಂಗಮ್ಮ ಜಾಲಿಮರದ ನೆರಳಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎತ್ತರದ, ಒಣಗಿದ ಮೈಯ ಹೆಂಗಸು. ಪಂಪಮ್ಮ ಹೆಸರು ಹೇಳುತ್ತಿದ್ದಂತೆ ಅವಳ ಕೈ ನಿಂತಿತು.

“ಏನ್ ಕೇಳಾಕ ಬಂದೀರಿ?”

“ಕೇಳಾಕಲ್ಲ, ಹೇಳಾಕ ಬಂದೀನಿ. ಅವತ್ತು ಕತ್ತರಿಸಬ್ಯಾಡಂದಾಕಿ ನಾನ.”

“ನನಗ ಗೊತ್ತೈತಿ. ಅವತ್ತ ರಾತ್ರಿನ ಹೇಳಿದ್ದ.” ಅವಳು ಮತ್ತೆ ಶೇಂಗಾ ಕೈಗೆತ್ತಿಕೊಂಡಳು. “ನಿಮ್ಮನ್ನ ಒಂದ ದಿನಾನೂ ಬೈಲಿಲ್ಲ ಅಂವ. ನಾ ಬೈದೆ. ಈಗ್ಲೂ ಬೈತೀನಿ.”

“ಬೈಯಿ.”

“ಗುಂಟೂರಾಗೂ ಅದನ್ನ ಅಂತಿದ್ದ. ಆ ಗಿಡ ಯಾರೂ ಕತ್ತರಿಸಿರಂಗಿಲ್ಲ, ಕಾಡಾಗಿರ್ತೈತಿ, ಇನ್ಯಾವ ಕೂಸು ತಿಂತೈತೋ ಅಂತ. ಮೆಣಸಿನಕಾಯಿ ಬಿಡಸಾಕ ಕುಂತು ಆದೋನಿ ಬೇಲಿ ಚಿಂತಿ ಮಾಡಾಂವ.”

ಪಂಪಮ್ಮ ಸದ್ದಿನ ಸಂಗತಿ ಹೇಳಬೇಕೆಂದುಕೊಂಡರು. ಹೇಳಲಾಗಲಿಲ್ಲ. ತಪ್ಪಾಯಿತು ಎಂದರು. ಕಾಲು ಹಿಡಿಯಲು ಬಾಗಿದಾಗ ಗಾದಿಲಿಂಗಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

“ನನಗ್ಯಾಕ ಹೇಳ್ತೀರಿ? ನನಗ ಗೊತ್ತಿರೋದನ್ನ ನನಗ ಹೇಳಿದ್ರ ಏನು ಬಂತು? ನಿಮ್ಮ ಯಜಮಾನ್ರಿಗೆ ಹೇಳ್ರಿ. ಆ ಓಣ್ಯಾಗ ಹೇಳ್ರಿ. ಅವನ ಹೆಸರು ಹೋಗಿದ್ದು ಅಲ್ಲಿ.”

ಅಂದು ಸಂಜೆ ಚಂದ್ರಣ್ಣ ಊಟಕ್ಕೆ ಕೂತಾಗ ಪಂಪಮ್ಮ ಎಲ್ಲವನ್ನೂ ಹೇಳಿದರು. ಹೂವಿನ ಆಸೆ, ಬಾಗಿಲಲ್ಲಿ ನಿಂತ ಮೌನ, ಪರದೆಯ ಹಿಂದಿನ ಮೌನ, ಕೋಸಗಿಯ ಹುಡುಗಿ. ಚಂದ್ರಣ್ಣ ತುತ್ತನ್ನು ತಟ್ಟೆಗೆ ವಾಪಸು ಇಟ್ಟರು.

“ನಾಯಿಗೆ ಬೈದಂಗ ಬೈದೆ ಅವನ್ನ. ನೀ ನೋಡ್ಕೊಂತ ನಿಂತಿದ್ದಿ,” ಎಂದರು. ಎರಡು ದಿನ ಅವರು ಹೆಂಡತಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಂಡಿಯಿಂದ ಬರುವಾಗ ಉದ್ದ ಹಿಡಿಕೆಯ ಹೊಸ ಕತ್ತರಿಯೊಂದನ್ನು ತಂದು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು.

ಓಣಿಯಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಒಂದು ಮನೆಯಲ್ಲಿ ಚಹಾ ಕೊಟ್ಟು, “ಈಗ್ಯಾಕ ಬಿಡ್ರಿ ಆ ಸುದ್ದಿ,” ಎಂದರು. ಇನ್ನೊಂದು ಮನೆಯ ಸೊಸೆಗೆ ನರಸಣ್ಣ ಯಾರೆಂದೇ ಗೊತ್ತಿರಲಿಲ್ಲ. ಆದರೂ ಪಂಪಮ್ಮ ಬಿಡದೆ ಎಲ್ಲ ಹೇಳಿದರು. ಕೊನೆಗೆ ಎದುರು ಮನೆಯ ಹೇಮಾವತಿ. ಎಪ್ಪತ್ತು ದಾಟಿದ ಹೆಂಗಸು. ಕೇಳಿ ಮುಗಿಸಿ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನನಗ ಅವತ್ತ ಗೊತ್ತಿತ್ತು ಪಂಪಮ್ಮ. ‘ಹಣ್ಣಷ್ಟು ತೆಗೀಲೇನ್ರಿ’ ಅಂದಿದ್ದು ನಮ್ಮ ಕಟ್ಟಿಗೆ ಕೇಳಿಸಿತ್ತು. ನೀ ಹೇಳ್ತಿ ಅಂತ ನಾ ಸುಮ್ಮನಿದ್ದೆ. ಆಮ್ಯಾಲೆ ಎಲ್ಲಾರೂ ಅವನ್ನ ಬಿಡಿಸಿದ್ರು, ನಾನೂ ಬಿಡಿಸಿದೆ.”



ಮುಂದಿನ ವಾರದ ಶನಿವಾರ ಬೆಳಿಗ್ಗೆ ಪಂಪಮ್ಮ ಕತ್ತರಿ ಹಿಡಿದರು. ಇಷ್ಟು ಬೆಳೆದ ಗಿಡವನ್ನು ಒಂದೇ ಸಲ ಬೋಳಿಸಿದರೆ ಒಣಗುತ್ತದೆ, ಮೂರು ಪಾಲು ಮಾಡಿ ಇಳಿಸಬೇಕು ಎಂದು ನರಸಣ್ಣ ಹೇಳಿದ್ದು ಅವರಿಗೆ ನೆನಪಿತ್ತು. ಮೊದಲು ಹಣ್ಣಿನ ಗೊಂಚಲುಗಳನ್ನೆಲ್ಲ ತೆಗೆದು ಗೋಣಿಚೀಲಕ್ಕೆ ತುಂಬಿದರು. ಒಳಗಿನ ಮುಳ್ಳು ತಾಗಿ ಮುಂಗೈಯಲ್ಲಿ ರಕ್ತ ಬಂತು. ಅರವತ್ತು ವರ್ಷದ ಕೈಗೆ ಅಭ್ಯಾಸವಿಲ್ಲದ ಕೆಲಸ, ಹತ್ತು ಸಲ ಕತ್ತರಿಸಿದರೆ ಭುಜ ಸೋಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ಅರ್ಧದಷ್ಟು ಬಂದಿದ್ದರು. ಕಿಟಕಿಯ ಸರಳು ಬಿಡಿಸಿಕೊಂಡು ಪಡಸಾಲೆಗೆ ಬೆಳಕು ಬಿದ್ದಿತ್ತು.

ಗೇಟಿನ ಬಳಿ ಯಾರೋ ನಿಂತಿದ್ದರು. ಗಾದಿಲಿಂಗಮ್ಮ. ಕೈಯಲ್ಲಿ ಒಂದು ಚೀಲ.

“ಸಂತಿಗೆ ಬಂದಿದ್ದೆ,” ಎಂದಳು. ಒಳಗೆ ಕರೆದರೂ ಪಡಸಾಲೆ ಹತ್ತಲಿಲ್ಲ. ಕತ್ತರಿಸಿದ ಕಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. “ಹಿಂಗ ಮಾಡಿದ್ರ ಬುಡ ಬೋಳಾಗ್ತೈತಿ. ಕೆಳಗ ಅಗಲ, ಮ್ಯಾಲ ಸಣ್ಣ ಇರಬೇಕು. ಬುಡಕ್ಕ ಬಿಸಲು ಬೀಳಬೇಕು. ಅವನ ಜೋಡಿ ನಾನೂ ಮಾಡೀನಿ. ಕೊಡ್ರಿ ಇಲ್ಲಿ.”

ಕತ್ತರಿ ತೆಗೆದುಕೊಂಡು ಗೇಟಿನಿಂದ ತಿದ್ದುತ್ತ ಬಂದಳು. ಪಂಪಮ್ಮ ಬಿದ್ದ ಟೊಂಗೆಗಳನ್ನು ಆರಿಸುತ್ತ ಹಿಂದೆ ಬಂದರು. ಬೇಲಿಯ ನಡುಮಧ್ಯಕ್ಕೆ ಬಂದಾಗ ಗಾದಿಲಿಂಗಮ್ಮ ದಣಿವಾರಿಸಿಕೊಳ್ಳಲು ಕತ್ತರಿ ಮುಚ್ಚಿ ನೆಲಕ್ಕೆ ಊರಿ ನಿಂತಳು. ಆಗ ಮೂಲೆಯ ಕಡೆಯಿಂದ, ಇನ್ನೂ ಕತ್ತರಿಸದ ಭಾಗದೊಳಗಿನಿಂದ, ಕಿಣ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ, ಕಿಣ್.

ಪಂಪಮ್ಮ ಅಲುಗಲಿಲ್ಲ. ಗಾದಿಲಿಂಗಮ್ಮ ಕತ್ತೆತ್ತಿ ಆ ಕಡೆ ನೋಡಿದಳು. ಅವಳ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಸದ್ದು ಮೂಲೆ ಮುಟ್ಟುವ ತನಕ ಇಬ್ಬರೂ ಹಾಗೇ ನಿಂತಿದ್ದರು. ಅದು ನಿಂತ ಮೇಲೆ ಗಾದಿಲಿಂಗಮ್ಮ ಮೂಗು ಒರೆಸಿಕೊಂಡು, ಕತ್ತರಿ ಎತ್ತಿ, ನಿಲ್ಲಿಸಿದ್ದ ಕಡೆಯಿಂದಲೇ ಮುಂದುವರಿಸಿದಳು.

ನಾಲ್ಕೂವರೆಗೆ ಕೈ ತೊಳೆದುಕೊಂಡು ಅಂಗಳದ ನಲ್ಲಿಯಲ್ಲೇ ನೀರು ಕುಡಿದಳು.

“ಆ ಹಣ್ಣಿನ ಚೀಲ ಹೊರಗ ಒಗೀಬ್ಯಾಡ್ರಿ, ಕುಣಿ ತೋಡಿ ಮುಚ್ಚರಿ. ಉಳಿದಿದ್ದನ್ನ ಮುಂದಿನ ತಿಂಗಳು ಇಳಸ್ರಿ. ಆಮ್ಯಾಲೆ ಹದಿನೈದು ದಿನಕ್ಕೊಮ್ಮೆ. ಬಿಡಬಾರದು.”

“ನೀ ಮತ್ತ ಬರ್ತಿಯೇನು?”

“ಇಲ್ರಿ.”

ಚಂದ್ರಣ್ಣ ಆಗಷ್ಟೇ ಮಂಡಿಯಿಂದ ಬಂದಿದ್ದರು. ಅವಳು ಯಾರೆಂದು ತಿಳಿದು, ಗೇಟನ್ನು ತಾವೇ ಪೂರ್ತಿ ತೆರೆದು ಹಿಡಿದರು. ಗಾದಿಲಿಂಗಮ್ಮ ಅವರ ಮುಂದಿನಿಂದ ಹಾದು ಹೋದಳು. ಓಣಿಯುದ್ದಕ್ಕೂ ಒಂದೊಂದು ಮನೆಯ ಬೇಲಿಯನ್ನೂ ನಿಧಾನವಾಗಿ ನೋಡುತ್ತ ನಡೆದಳು. ಎದುರು ಕಟ್ಟೆಯ ಮೇಲೆ ಕೂತಿದ್ದ ಹೇಮಾವತಿ ಕೋಲು ಊರಿ ಎದ್ದು ನಿಂತರು. ಅವಳು ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ಮರೆಯಾಗುವ ತನಕ ಅವರು ಕೂರಲಿಲ್ಲ.